ಸೋರುವ ಮಾಳಿಗೆ, ಬದಲಾದ ಸೂರು: ಶರೀಫರ ತತ್ವಪದವೊಂದರ ಹುಟ್ಟು, ಅರ್ಥ ಮತ್ತು ರಾಕ್ ರೂಪ

೧. ಪ್ರವೇಶ

ಕನ್ನಡದ ರಾಕ್ ಗೀತೆಗಳ ಬಗ್ಗೆ ಚರ್ಚಿಸುವಾಗ ಒಂದು ವಿಶೇಷ ಸಂಗತಿ ಗಮನಕ್ಕೆ ಬರುತ್ತದೆ. ಅವುಗಳಲ್ಲಿ ಹೆಸರಾದ ಕೆಲವು ಗೀತೆಗಳ ಸಾಹಿತ್ಯವು ರಾಕ್ ಸಂಗೀತಕ್ಕಿಂತ ಎಷ್ಟೋ ಹಿಂದಿನದು. ೨೦೦೮ರಲ್ಲಿ ಹೊರಬಂದ ರಘು ದೀಕ್ಷಿತ್ ಪ್ರಾಜೆಕ್ಟ್ ತಂಡದ ಮೊದಲ ಧ್ವನಿಸಂಪುಟದಲ್ಲಿ ಹಿಂದಿ ಮತ್ತು ಇಂಗ್ಲಿಷ್ ಗೀತೆಗಳ ನಡುವೆ ಶಿಶುನಾಳ ಶರೀಫರ ಎರಡು ತತ್ವಪದಗಳು ಸೇರಿದ್ದವು. ಅವುಗಳಲ್ಲಿ ಒಂದು ‘ಸೋರುತಿಹುದು ಮನೆಯ ಮಾಳಿಗಿ’. ಕಾಲೇಜು ಉತ್ಸವಗಳಲ್ಲಿ, ನಗರದ ಬಯಲು ವೇದಿಕೆಗಳಲ್ಲಿ ಗಿಟಾರ್ ಮತ್ತು ಡ್ರಮ್ಸ್‌ಗಳೊಡನೆ ಈ ಪದವನ್ನು ಕೇಳಿದ ತರುಣ ಪೀಳಿಗೆಗೆ ಅದು ಮೊದಲು ರಾಕ್ ಗೀತೆ, ಅನಂತರ ತತ್ವಪದ. ನಮ್ಮ ಪದವಿ ತರಗತಿಗಳಿಗೆ ಬರುವ ವಿದ್ಯಾರ್ಥಿಗಳಲ್ಲಿ ಅನೇಕರು ಶರೀಫರನ್ನು ಪ್ರವೇಶಿಸುವುದು ಈ ಬಾಗಿಲಿನಿಂದಲೇ.

ಈ ಪ್ರವೇಶವನ್ನು ಅಪಭ್ರಂಶವೆಂದು ತಳ್ಳಿಹಾಕುವುದಾಗಲಿ ಪರಂಪರೆಯ ಪುನರುಜ್ಜೀವನವೆಂದು ಕೊಂಡಾಡುವುದಾಗಲಿ ಪ್ರಸ್ತುತ ಲೇಖನದ ಉದ್ದೇಶವಲ್ಲ. ಒಂದು ಪದವು ತಾನು ಹುಟ್ಟಿದ ನೆಲದಿಂದ ಮತ್ತೊಂದು ನೆಲಕ್ಕೆ, ಒಂದು ಸೂರಿನ ಕೆಳಗಿನಿಂದ ಮತ್ತೊಂದು ಸೂರಿನ ಕೆಳಕ್ಕೆ ಚಲಿಸುವಾಗ ಅದರ ಅರ್ಥಕ್ಕೆ ಏನಾಗುತ್ತದೆ ಎಂಬುದು ಇಲ್ಲಿನ ಪ್ರಶ್ನೆ. ಈ ಚಲನೆಯ ಮಧ್ಯದ ನಿಲ್ದಾಣವು ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ ಹುಟ್ಟಿದ ಸಂಗೀತ ಸಂಯೋಜಕ ಸಿ. ಅಶ್ವಥ್ ಅವರ ಕೃತಿಯಾದ್ದರಿಂದ, ಹಾಗೂ ಹಾಸನ ಸೀಮೆಯ ಹೆಂಚಿನ ಮನೆಗಳೂ ಶರೀಫರ ಮಣ್ಣಿನ ಮಾಳಿಗೆಯೂ ಪರಸ್ಪರ ಭಿನ್ನವಾದ್ದರಿಂದ, ಈ ಸೀಮೆಯಿಂದಲೇ ಪದವನ್ನು ನೋಡುವ ಪ್ರಯತ್ನವನ್ನು ಮಾಡಲಾಗಿದೆ.

ಈ ಪ್ರಶ್ನೆ ಹುಟ್ಟಿದ್ದು ತರಗತಿಯಲ್ಲಿ. ಅರಕಲಗೂಡು ಕಡೆಯ ಹೆಂಚಿನ ಮನೆಯೊಂದರಲ್ಲಿ ಬೆಳೆದ ಈ ಲೇಖಕನಿಗೆ ‘ಮಾಳಿಗೆ’ ಎಂದರೆ ಮಹಡಿ, ಹೆಚ್ಚೆಂದರೆ ಅಟ್ಟ. ಹಾಗೆಂದೇ ಪಾಠ ಮಾಡುತ್ತಿದ್ದಾಗ ಹಾವೇರಿ ಕಡೆಯಿಂದ ಬಂದಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸರ್, ಮಾಳಿಗಿ ಅಂದ್ರ ಅಟ್ಟ ಅಲ್ರಿ, ಮ್ಯಾಲಿನ ಮಣ್ಣು. ಮಳಿ ಹತ್ತಿದಾಗ ನಮ್ಮಜ್ಜ ಮ್ಯಾಲ ಹೋಗಿ ತುಳೀತಿದ್ದ” ಎಂದಳು. ಅಷ್ಟು ವರ್ಷಗಳ ಓದಿನಲ್ಲಿ ಕಾಣದೆ ಉಳಿದಿದ್ದ ಒಂದು ಕ್ರಿಯಾಪದ ಆ ಒಂದು ಮಾತಿನಿಂದ ಬೆಳಕಿಗೆ ಬಂದಿತು. ಈ ಲೇಖನವು ಒಂದರ್ಥದಲ್ಲಿ ಆ ತಿದ್ದುಪಡಿಯ ವಿಸ್ತರಣೆ.

೨. ಹುಟ್ಟು: ಶಿಶುನಾಳದ ಮಣ್ಣು

ಶರೀಫರು ಹುಟ್ಟಿದ್ದು ೧೮೧೯ರಲ್ಲಿ, ಅಂದಿನ ಧಾರವಾಡ ಜಿಲ್ಲೆಗೂ ಇಂದಿನ ಹಾವೇರಿ ಜಿಲ್ಲೆಗೂ ಸೇರುವ ಶಿಗ್ಗಾವಿ ತಾಲ್ಲೂಕಿನ ಶಿಶುನಾಳದಲ್ಲಿ. ತಂದೆ ಇಮಾಮ್ ಸಾಹೇಬ, ತಾಯಿ ಹಜ್ಜೂಮಾ. ಕಳಸದ ಗೋವಿಂದಭಟ್ಟರ ಶಿಷ್ಯತ್ವ ಅವರ ಬದುಕಿನ ತಿರುವು. ಗರಗದ ಮಡಿವಾಳಪ್ಪ, ನವಲಗುಂದದ ನಾಗಲಿಂಗಸ್ವಾಮಿ ಮೊದಲಾದ ಸಮಕಾಲೀನ ಅನುಭಾವಿಗಳೊಡನೆ ಅವರಿಗೆ ಒಡನಾಟವಿತ್ತು. ೧೮೮೯ರಲ್ಲಿ ಅವರು ತೀರಿಕೊಂಡರು. ಮುಸ್ಲಿಂ ಕುಟುಂಬದ ಹುಡುಗ, ಬ್ರಾಹ್ಮಣ ಗುರು, ವೀರಶೈವ ಮಠಗಳ ನೆರೆ, ಶಿಶುನಾಳಾಧೀಶನ ಅಂಕಿತ ಇವೆಲ್ಲ ಒಂದೇ ಬದುಕಿನಲ್ಲಿ ಕೂಡಿದ ಬಗೆಯನ್ನು ವಿದ್ವಾಂಸರು ವಿಸ್ತಾರವಾಗಿ ಚರ್ಚಿಸಿದ್ದಾರೆ. ರಹಮತ್ ತರೀಕೆರೆ ಅವರ ‘ಕರ್ನಾಟಕದ ಸೂಫಿಗಳು’ ಕೃತಿಯು ಇಂತಹ ಕೂಡುಬಾಳನ್ನು ಒಂದು ವಿಶಾಲ ಸಾಂಸ್ಕೃತಿಕ ಹಿನ್ನೆಲೆಯಲ್ಲಿರಿಸಿ ನೋಡಲು ಕಲಿಸಿತು.

ಆದರೆ ಈ ಚರ್ಚೆಗಳಲ್ಲಿ ಶರೀಫರ ಧಾರ್ಮಿಕ ನೆಲೆಗೆ ದೊರೆತಷ್ಟು ಗಮನ ಅವರ ಭೌತಿಕ ನೆಲೆಗೆ ದೊರೆತಿಲ್ಲ. ಶಿಶುನಾಳ, ಕುಂದಗೋಳ, ಲಕ್ಷ್ಮೇಶ್ವರ, ನವಲಗುಂದಗಳ ಕಡೆಯದು ಬಹುಮಟ್ಟಿಗೆ ಎರೆಮಣ್ಣಿನ ಬಯಲು. ಇಲ್ಲಿನ ಸಾಂಪ್ರದಾಯಿಕ ಮನೆಗಳ ಚಾವಣಿ ಇಳಿಜಾರಿನದಲ್ಲ, ಸಮತಟ್ಟಿನದು. ಗೋಡೆಯಿಂದ ಗೋಡೆಗೆ ದಪ್ಪನೆಯ ತೊಲೆಗಳು, ತೊಲೆಗಳ ಮೇಲೆ ಅಡ್ಡಲಾಗಿ ಜಂತಿಗಳು, ಅವುಗಳ ಮೇಲೆ ಸಣ್ಣ ಕಡ್ಡಿ ಮತ್ತು ಸೊಪ್ಪಿನ ಹಾಸು, ಅದರ ಮೇಲೆ ದಪ್ಪವಾಗಿ ಹರಡಿ ಬಡಿದ ಮಣ್ಣು. ಇದನ್ನೇ ಆ ಕಡೆ ಮೇಲ್ಮುದ್ದೆಯ ಮನೆ ಎನ್ನುತ್ತಾರೆ. ಈ ಮಣ್ಣಿನ ಪದರವೇ ಮಾಳಿಗೆ. ಬೇಸಿಗೆಯಲ್ಲಿ ಅಲ್ಲಿ ಕಾಳು ಒಣಗುತ್ತದೆ, ಜನ ಮಲಗುತ್ತಾರೆ. ಮಳೆಗಾಲದಲ್ಲಿ ಅದು ಮನೆಯ ಯಜಮಾನನ ಎಚ್ಚರವನ್ನು ಪರೀಕ್ಷಿಸುತ್ತದೆ. ಮಳೆಗಾಲಕ್ಕೆ ಮುನ್ನ ಹೊಸ ಮಣ್ಣು ಹಾಕಿ ಹದಮಾಡಬೇಕು. ಬೇರು ಬಿಟ್ಟ ಹುಲ್ಲನ್ನು ಕಿತ್ತೆಸೆಯಬೇಕು. ಸೋರಿದ ಕಡೆ ಮೇಲೆ ಹತ್ತಿ ಕಾಲಿನಿಂದ ತುಳಿದು ಬಿರುಕನ್ನು ಮುಚ್ಚಬೇಕು. ಅಂದರೆ ಮಣ್ಣಿನ ಮಾಳಿಗೆ ಒಮ್ಮೆ ಕಟ್ಟಿ ಮರೆಯುವ ವಸ್ತುವಲ್ಲ, ವರ್ಷವರ್ಷವೂ ನಡೆಸಬೇಕಾದ ಆರೈಕೆ.

೩. ಪದದೊಳಗಿನ ಮನೆ

ಈ ಹಿನ್ನೆಲೆಯಲ್ಲಿ ಪದವನ್ನು ಓದಿದಾಗ ಅದು ಹೊರನೋಟಕ್ಕೆ ತೋರುವಷ್ಟು ಸರಳವಾದ ರೂಪಕವಲ್ಲ ಎಂಬುದು ಸ್ಪಷ್ಟವಾಗುತ್ತದೆ. ಪಲ್ಲವಿಯು ಮನೆ ಸೋರುತ್ತಿರುವುದನ್ನೂ, ಅದಕ್ಕೆ ಅಜ್ಞಾನವೇ ಕಾರಣವೆಂಬುದನ್ನೂ ಸಾರುತ್ತದೆ. ಅದನ್ನು ಗಟ್ಟಿಮಾಡುವವರು ಯಾರೂ ಇಲ್ಲ. ಕತ್ತಲಲ್ಲಿ ಮೇಲೆ ಹೋಗಲು ತನ್ನಿಂದಾಗದು ಎಂದು ನಿರೂಪಕ ಹೇಳಿಕೊಳ್ಳುತ್ತಾನೆ. ಮುಂದಿನ ನುಡಿಗಳಲ್ಲಿ ಮನೆಯ ಒಂದೊಂದು ಅಂಗವೂ ಶಿಥಿಲಗೊಂಡ ಸ್ಥಿತಿ ಕಾಣುತ್ತದೆ: ಮುರಿದ ತೊಲೆ, ಹುಳು ತಿಂದ ಜಂತಿ, ಸಡಿಲಗೊಂಡ ಕೀಲು, ಹರಿದ ಚಪ್ಪರ. ಅನಂತರ ಮಾಳಿಗೆಯ ಮೇಲೆ ಕರಕಿ ಬೆಳೆದು ಇರುವೆಗಳು ಮುತ್ತಿದ್ದು, ನೀರಿನ ರಭಸಕ್ಕೆ ಮಣ್ಣು ಕರಗಿ ಒಳಹೊರಗಿನ ಗಡಿ ಅಳಿದದ್ದು. ಕೊನೆಯಲ್ಲಿ ಹೆಂಡತಿಯನ್ನು ಉದ್ದೇಶಿಸಿದ ಮಾತು, ಹುಬ್ಬಿ ಮಳೆ, ಶಿಶುನಾಳಾಧೀಶನಲ್ಲಿ ಇರಿಸಿದ ನಂಬಿಕೆ. ಮೌಖಿಕ ಪರಂಪರೆಯ ಪದವಾದುದರಿಂದ ಪಾಠಾಂತರಗಳಿದ್ದರೂ ಈ ಸ್ಥೂಲ ವಿನ್ಯಾಸ ಪದಕ್ಕೆ ಬೆನ್ನೆಲುಬಾಗಿದೆ.

ಇಲ್ಲಿ ಗಮನಿಸಬೇಕಾದ ಪದಗಳು ಮೂರು. ಮೊದಲನೆಯದು ‘ಕೀಲು’. ಬಡಗಿಯ ಭಾಷೆಯಲ್ಲಿ ಅದು ಮರದ ಜೋಡಣೆಯ ತಾಣ. ದೇಹದ ಭಾಷೆಯಲ್ಲಿ ಮೂಳೆಗಳ ಸಂಧಿ. ಮನೆ ಮತ್ತು ದೇಹಗಳ ಹೋಲಿಕೆಯನ್ನು ಕವಿ ಹೊರಗಿನಿಂದ ಹೇರಿಲ್ಲ. ಭಾಷೆಯಲ್ಲಿ ಮೊದಲೇ ಇದ್ದ ಹೊಂದಿಕೆಯನ್ನು ಬಳಸಿಕೊಂಡಿದ್ದಾನೆ. ಎರಡನೆಯದು ‘ಕರಕಿ’, ಅಂದರೆ ಗರಿಕೆ. ಮಣ್ಣಿನ ಮಾಳಿಗೆಗೆ ಗರಿಕೆ ದೊಡ್ಡ ಶತ್ರು. ಮೇಲಿನಿಂದ ಹಸಿರಾಗಿ ಚೆಲುವಾಗಿ ಕಾಣುವ ಅದು ಕೆಳಗೆ ಬೇರಿಳಿಸಿ, ನೀರಿಗೆ ದಾರಿ ಮಾಡಿಕೊಡುತ್ತದೆ. ಸಂಸಾರದ ಆಕರ್ಷಣೆಗೆ ಇದಕ್ಕಿಂತ ನಿಖರವಾದ ಪ್ರತಿಮೆ ದೊರೆಯುವುದು ಕಷ್ಟ.

ಮೂರನೆಯದು, ಈ ಲೇಖನದ ಮಟ್ಟಿಗೆ ಬಹು ಮುಖ್ಯವಾದುದು, ‘ಮೆಟ್ಟು’ ಎಂಬ ಕ್ರಿಯಾಪದ. ಹಾಸನ ಸೀಮೆಯಲ್ಲಿ ಮೆಟ್ಟುವುದು ಎಂದರೆ ಕಾಲಿಡುವುದು ಅಥವಾ ತುಳಿಯುವುದು ಎಂಬ ಸಾಮಾನ್ಯಾರ್ಥವೇ ಮುಂದೆ ಬರುತ್ತದೆ. ಹಾಗಾಗಿ ಕತ್ತಲಲ್ಲಿ ಮೇಲೆ ಹತ್ತಲು ಅಂಜಿದವನೊಬ್ಬನ ಅಸಹಾಯಕತೆ ಮಾತ್ರ ನಮಗೆ ಕೇಳಿಸುತ್ತದೆ. ಆದರೆ ಮಣ್ಣಿನ ಮಾಳಿಗೆಯ ಸೀಮೆಯಲ್ಲಿ ಮೆಟ್ಟುವುದೇ ದುರಸ್ತಿ. ಮೇಲೆ ಹೋಗಿ ಮೆಟ್ಟಲಾರೆ ಎಂಬುದು ಹತ್ತಲಾರೆ ಎಂಬುದಷ್ಟೇ ಅಲ್ಲ, ಮಾಡಬೇಕಾದ ಕೆಲಸವನ್ನು ಮಾಡಲಾರೆ ಎಂಬ ತಪ್ಪೊಪ್ಪಿಗೆ. ದುರಸ್ತಿಯ ವಿಧಾನ ನಿರೂಪಕನಿಗೆ ಗೊತ್ತಿದೆ. ಅದಕ್ಕೆ ಬೇಕಾದ ಸಾಧನ ಅವನ ಕಾಲುಗಳೇ. ಗಟ್ಟಿಮಾಡುವವರಿಲ್ಲವೆಂಬ ದೂರಿನ ಬೆನ್ನಲ್ಲೇ ಆ ಕೆಲಸ ತನ್ನದೇ ಎಂಬ ಅರಿವೂ ಇಣುಕುತ್ತದೆ. ಪದದ ನೋವು ಇರುವುದು ಈ ಇಕ್ಕಟ್ಟಿನಲ್ಲಿ.

ಮನೆಯನ್ನು ದೇಹಕ್ಕೆ ಹೋಲಿಸುವ ಪರಿ ಕನ್ನಡಕ್ಕೆ ಹೊಸದಲ್ಲ. ಬಾಗಿಲ ಬಳಿ ಹುಲ್ಲು ಬೆಳೆದ, ಧೂಳು ಕವಿದ ಮನೆಯೊಂದನ್ನು ಕಂಡು ಒಡೆಯನ ಇರವನ್ನು ಸಂದೇಹಿಸುವ ಬಸವಣ್ಣನವರ ವಚನವನ್ನು ಇಲ್ಲಿ ನೆನೆಯಬಹುದು. ಆದರೆ ವ್ಯತ್ಯಾಸ ಮುಖ್ಯವಾದುದು. ವಚನದಲ್ಲಿ ಹುಲ್ಲು ಹೊಸ್ತಿಲಲ್ಲಿದೆ, ಪ್ರಶ್ನೆ ಒಡೆಯನ ಗೈರುಹಾಜರಿಯನ್ನು ಕುರಿತದ್ದು, ಪ್ರಶ್ನಿಸುವವರು ಹೊರಗೆ ನಿಂತವರು. ಶರೀಫರಲ್ಲಿ ಹುಲ್ಲು ಮಾಳಿಗೆಗೇರಿದೆ, ಒಡೆಯ ಮನೆಯೊಳಗೇ ಇದ್ದಾನೆ, ಮಾತನಾಡುತ್ತಿರುವವನೂ ಅವನೇ. ಖಾಲಿ ಮನೆಯ ಪ್ರಶ್ನೆಯು ನೆನೆಯುತ್ತಿರುವ ಮನೆಯ ಪ್ರಶ್ನೆಯಾಗಿ ಮಾರ್ಪಟ್ಟಿದೆ.

೪. ಅಜ್ಞಾನ ಮತ್ತು ಕರುಣೆ

ತರಗತಿಗಳಲ್ಲಿ ಈ ಪದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ ಹೀಗಿರುತ್ತದೆ: ಮನೆ ಎಂದರೆ ದೇಹ, ಮಳೆ ಎಂದರೆ ಸಂಸಾರ ತಾಪತ್ರಯ, ಸೋರುವಿಕೆ ಎಂದರೆ ಅಜ್ಞಾನದ ಫಲ. ಈ ಕೀಲಿಕೈ ಮೊದಲ ನುಡಿಗಳಿಗೆ ಸರಿಹೊಂದುತ್ತದೆ. ಕೊನೆಯ ನುಡಿಗೆ ಹೊಂದುವುದಿಲ್ಲ. ಅಲ್ಲಿ ಮಳೆ ಬಂದದ್ದು ಕರುಣೆಯಿಂದ. ಮನೆಯನ್ನು ಕೆಡಿಸುತ್ತಿರುವ ನೀರೇ ಕರುಣೆಯ ನೀರೂ ಆಗುವುದು ಹೇಗೆ?

ಈ ಪ್ರಶ್ನೆಗೆ ಹೊಳೆನರಸೀಪುರದ ಕಡೆಯಿಂದ ಒಂದು ಬೆಳಕು ದೊರೆಯುತ್ತದೆ. ಯಲ್ಲಂಬಳಸೆ ಸುಬ್ರಾಯಶರ್ಮರು, ಮುಂದೆ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು (೧೮೮೦–೧೯೭೫), ೧೯೨೦ರಲ್ಲಿ ಸ್ಥಾಪಿಸಿ ಮುಂದೆ ಹೊಳೆನರಸೀಪುರದಲ್ಲಿ ನೆಲೆಗೊಳಿಸಿದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವು ಶಾಂಕರ ವೇದಾಂತವನ್ನು ತಿಳಿಗನ್ನಡದಲ್ಲಿ ಓದುಗರಿಗೆ ಒದಗಿಸಿದ ಸಂಸ್ಥೆ. ೧೯೨೯ರ ‘ಮೂಲಾವಿದ್ಯಾನಿರಾಸ’ದಲ್ಲಿ ಅವರು ಮಂಡಿಸಿದ ವಾದದ ತಿರುಳು ಇದು: ಅವಿದ್ಯೆ ಎಂಬುದು ಎಲ್ಲೋ ಬೀಜರೂಪದಲ್ಲಿ ಕುಳಿತ ಒಂದು ಭಾವವಸ್ತುವಲ್ಲ, ಒಂದನ್ನು ಮತ್ತೊಂದಾಗಿ ತಿಳಿಯುವ ಅಧ್ಯಾಸವೇ ಅವಿದ್ಯೆ. ಶರೀಫರು ತೀರಿಕೊಂಡಾಗ ಸ್ವಾಮಿಗಳಿನ್ನೂ ಬಾಲಕರು. ಆದ್ದರಿಂದ ಇಲ್ಲಿ ಪ್ರಭಾವದ ಮಾತಿಲ್ಲ. ಆದರೆ ಓದಿನ ಸಾಧನವಾಗಿ ಈ ವಿಂಗಡಣೆ ಬಹು ಉಪಯುಕ್ತ.

ಅಜ್ಞಾನವನ್ನು ಒಂದು ವಸ್ತುವೆಂದು ತಿಳಿದರೆ ಅದನ್ನು ಮಳೆಯೊಡನೆ ಸಮೀಕರಿಸಬೇಕಾಗುತ್ತದೆ. ಆಗ ಕೊನೆಯ ನುಡಿ ವಿರೋಧಾಭಾಸವಾಗಿ ಉಳಿಯುತ್ತದೆ. ಅಜ್ಞಾನವನ್ನು ತಪ್ಪು ತಿಳಿವಳಿಕೆಯೆಂದು ಗ್ರಹಿಸಿದರೆ ಚಿತ್ರವೇ ಬದಲಾಗುತ್ತದೆ. ಮಳೆಯಲ್ಲಿ ದೋಷವಿಲ್ಲ. ಹೊಲಕ್ಕೆ ಬಿದ್ದಾಗ ಬೆಳೆಯಾಗುವ ನೀರು ಆರೈಕೆಯಿಲ್ಲದ ಮಾಳಿಗೆಯ ಮೇಲೆ ಬಿದ್ದಾಗ ಸೋರಿಕೆಯಾಗುತ್ತದೆ. ದೋಷವಿರುವುದು ಮನೆ ಸದಾ ಗಟ್ಟಿಯಾಗಿದೆಯೆಂದು ಭಾವಿಸಿ ಅದನ್ನು ನೋಡದೆ ಬಿಟ್ಟುದರಲ್ಲಿ. ಹಾಗೆ ನೋಡಿದರೆ ಒಳಗು ಹೊರಗುಗಳು ಒಂದಾಗುವ ಸ್ಥಿತಿಯನ್ನು ಎರಡು ಬಗೆಯಲ್ಲಿ ಓದಬಹುದು. ಗೃಹಸ್ಥನಿಗೆ ಅದು ಮನೆಯ ನಾಶ. ಸಾಧಕನಿಗೆ ನಾನು ಮತ್ತು ಹೊರಗು ಎಂಬ ಗೋಡೆಯ ಕರಗುವಿಕೆ. ಪದವು ಎರಡನ್ನೂ ಒಟ್ಟಿಗೆ ಹಿಡಿದಿದೆ, ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಳ್ಳಲು ಓದುಗನಿಗೆ ಆತುರಪಡಿಸುವುದಿಲ್ಲ.

‘ಹುಬ್ಬಿ’ ಎಂಬ ಮಾತು ಈ ದ್ವಂದ್ವವನ್ನು ಇನ್ನಷ್ಟು ಬಲಪಡಿಸುತ್ತದೆ. ಹುಬ್ಬೆ ಅಥವಾ ಹುಬ್ಬಾ ಎಂದರೆ ಪೂರ್ವಫಲ್ಗುಣಿ ನಕ್ಷತ್ರ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ ಬೀಳುವುದು ಹುಬ್ಬೆ ಮಳೆ. ಮೃಗಶಿರೆಯಿಂದ ನೆನೆಯುತ್ತ ಬಂದ ಮಾಳಿಗೆ ಆ ಹೊತ್ತಿಗೆ ಮೂರು ತಿಂಗಳ ನೀರು ಕುಡಿದಿರುತ್ತದೆ. ರೈತನ ಹೊಲಕ್ಕೆ ಬೇಕಾದ ಮಳೆ ಅವನ ಸೂರಿಗೆ ಕಠಿಣ ಪರೀಕ್ಷೆಯಾಗುವ ಕಾಲವದು. ಜೊತೆಗೆ, ಯೋಗ ಪರಿಭಾಷೆಯಲ್ಲಿ ಹುಬ್ಬುಗಳ ನಡುವಣ ಸ್ಥಾನಕ್ಕಿರುವ ಮಹತ್ವವನ್ನು ನೆನೆದರೆ, ಈ ಮಾತಿನಲ್ಲಿ ಶ್ಲೇಷೆಯಿದೆಯೆಂದು ಓದಲೂ ಅವಕಾಶವಿದೆ. ಇದು ಊಹೆಯ ಮಟ್ಟದ ಸೂಚನೆ. ಆದರೆ ಬೆಡಗಿನ ಪರಂಪರೆಯನ್ನು ಬಲ್ಲ ಶರೀಫರ ವಿಷಯದಲ್ಲಿ ಅಸಂಭವವೇನಲ್ಲ.

ಹೀಗೆ ಪದದ ಅರ್ಥ ನಿಂತಿರುವುದು ಪಲ್ಲವಿಯಲ್ಲಿ ಅಲ್ಲ; ಪಲ್ಲವಿಯಿಂದ ಕೊನೆಯ ನುಡಿಯವರೆಗಿನ ಚಲನೆಯಲ್ಲಿ. ಅಜ್ಞಾನದಿಂದ ಹೊರಟು ಕರುಣೆಯನ್ನು ತಲುಪುವ ಈ ಚಲನೆ ತಪ್ಪಿಹೋದರೆ ಉಳಿಯುವುದು ಹಲುಬು ಮಾತ್ರ.

೫. ಚನ್ನರಾಯಪಟ್ಟಣದ ದನಿ

ಶರೀಫರ ಪದಗಳು ಬಹುಕಾಲ ಉಳಿದದ್ದು ಉತ್ತರ ಕರ್ನಾಟಕದ ಭಜನೆಯ ಮೇಳಗಳಲ್ಲಿ, ಏಕತಾರಿ ಹಿಡಿದವರ ಕಂಠಗಳಲ್ಲಿ. ಅವು ದಕ್ಷಿಣ ಕರ್ನಾಟಕದ ಮನೆಮನೆಗೆ ತಲುಪಿದುದರಲ್ಲಿ ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟ, ಗಾಯಕ ಶಿವಮೊಗ್ಗ ಸುಬ್ಬಣ್ಣ ಮತ್ತು ಸಿ. ಅಶ್ವಥ್ ಅವರ ಪಾತ್ರ ದೊಡ್ಡದು. ೧೯೩೯ರ ಡಿಸೆಂಬರ್ ೨೯ರಂದು ಚನ್ನರಾಯಪಟ್ಟಣದಲ್ಲಿ ಜನಿಸಿದ ಅಶ್ವಥ್, ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ದೀರ್ಘಕಾಲ ದುಡಿಯುತ್ತಲೇ ರಂಗಸಂಗೀತ, ಸುಗಮ ಸಂಗೀತ, ಚಲನಚಿತ್ರ ಸಂಗೀತಗಳಲ್ಲಿ ತೊಡಗಿದವರು. ೨೦೦೯ರ ಡಿಸೆಂಬರ್ ೨೯ರಂದು, ತಮ್ಮ ಹುಟ್ಟಿದ ದಿನದಂದೇ ತೀರಿಕೊಂಡರು. ಟಿ.ಎಸ್. ನಾಗಾಭರಣ ನಿರ್ದೇಶನದ ‘ಸಂತ ಶಿಶುನಾಳ ಶರೀಫ’ (೧೯೯೦) ಚಿತ್ರದ ಸಂಗೀತ ಅವರದು. ಶ್ರೀಧರ್ ಶರೀಫರಾಗಿ, ಗಿರೀಶ ಕಾರ್ನಾಡರು ಗೋವಿಂದಭಟ್ಟರಾಗಿ ನಟಿಸಿದ ಆ ಚಿತ್ರ ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ನರ್ಗಿಸ್ ದತ್ ಪ್ರಶಸ್ತಿಯನ್ನು ಪಡೆಯಿತು.

ಅಶ್ವಥ್ ಅವರಿಗೆ ಹೊಸದಾಗಿ ರಾಗಸಂಯೋಜನೆ ಮಾಡುವ ಸ್ವಾತಂತ್ರ್ಯ ದೊರೆತದ್ದು ತತ್ವಪದದ ಸ್ವರೂಪದಿಂದಲೇ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಇದನ್ನು ಹಾಸನ ಜಿಲ್ಲೆಯದೇ ಮತ್ತೊಂದು ಸಂಗೀತ ಪರಂಪರೆಯ ಪಕ್ಕದಲ್ಲಿರಿಸಿ ನೋಡಬಹುದು. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವು ಕರ್ನಾಟಕ ಸಂಗೀತ ವಿದ್ವಾಂಸರ ಊರು. ೧೯೨೦ರಲ್ಲಿ ಅಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ (ನಿಧನ ೨೦೧೪), ರುದ್ರಪಟ್ಟಣ ಸಹೋದರರೆಂದು ಖ್ಯಾತರಾದ ಆರ್.ಎನ್. ತ್ಯಾಗರಾಜನ್ ಮತ್ತು ಆರ್.ಎನ್. ತಾರಾನಾಥನ್ ಆ ಪರಂಪರೆಯವರು. ಅಲ್ಲಿ ಕೃತಿಯ ರಾಗ, ತಾಳ, ಪಾಠಾಂತರಗಳು ಗುರುವಿನಿಂದ ಶಿಷ್ಯನಿಗೆ ಬರುವ ಆಸ್ತಿ. ಧಾತುವನ್ನು ಬದಲಿಸಿದರೆ ಕೃತಿಯೇ ಬದಲಾದಂತೆ. ತತ್ವಪದದಲ್ಲಿ ಹಾಗಲ್ಲ. ಮಾತು ಮತ್ತು ಅಂಕಿತ ಸ್ಥಿರ, ಮಟ್ಟು ಹಾಡುವ ಮೇಳಕ್ಕೆ ಬಿಟ್ಟದ್ದು. ಅಶ್ವಥ್ ಅವರು ಭಂಗಪಡಿಸಿದ ‘ಮೂಲ ಧಾಟಿ’ ಎಂಬುದೊಂದು ಇರಲಿಲ್ಲ. ಇದ್ದವು ಹಲವು ಧಾಟಿಗಳು. ಅವರು ಅವುಗಳಿಗೆ ಇನ್ನೊಂದನ್ನು ಸೇರಿಸಿದರು. ಧ್ವನಿಸುರುಳಿ ಮತ್ತು ಚಲನಚಿತ್ರಗಳ ಬಲದಿಂದ ಆ ಒಂದು ಧಾಟಿ ಉಳಿದವುಗಳನ್ನು ಮರೆಸುವಷ್ಟು ಪ್ರಬಲವಾದದ್ದು ಬೇರೆಯ ಮಾತು.

ಧಾಟಿ ದಕ್ಷಿಣಕ್ಕೆ ಬಂದಿತು, ಮಾತೂ ಬಂದಿತು. ‘ಮಾಳಿಗಿ’ ಎಂಬ ಇಕಾರಾಂತ ಉಚ್ಚಾರಣೆಯನ್ನೂ ಹಾಡುಗಾರರು ಉಳಿಸಿಕೊಂಡರು. ಆದರೆ ಆ ಮಾತು ಬಂದಿಳಿದ ಮನೆ ಬೇರೆ. ಹಾಸನ ಜಿಲ್ಲೆಯ ಪಶ್ಚಿಮಕ್ಕೆ ಸಕಲೇಶಪುರದ ಮಲೆನಾಡು, ನಡುವೆ ಅರಕಲಗೂಡಿನ ಅರೆಮಲೆನಾಡು, ಪೂರ್ವಕ್ಕೆ ಚನ್ನರಾಯಪಟ್ಟಣದ ಬಯಲು. ಮಳೆಯ ಪ್ರಮಾಣ ಇಷ್ಟು ವ್ಯತ್ಯಾಸಗೊಂಡರೂ ಈ ಸೀಮೆಯ ಹಳೆಯ ಮನೆಗಳ ಸಾಮಾನ್ಯ ಲಕ್ಷಣ ಇಳಿಜಾರಿನ ಸೂರು: ಮೊದಲು ಹುಲ್ಲು ಮತ್ತು ನಾಡಹೆಂಚು, ಅನಂತರ ಮಂಗಳೂರು ಹೆಂಚು. ೧೮೬೫ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದಾಗ ಶರೀಫರಿಗೆ ನಲವತ್ತಾರು ವರ್ಷ. ಅವರ ಪದ ದಕ್ಷಿಣಕ್ಕೆ ಬರುವ ಹೊತ್ತಿಗೆ ಆ ಹೆಂಚು ದಕ್ಷಿಣದ ಊರುಗಳಲ್ಲಿ ಮನೆಮಾತಾಗಿತ್ತು.

ಹೆಂಚಿನ ಮನೆಯೂ ಸೋರುತ್ತದೆ. ಆದರೆ ಅದು ಸೋರುವ ಬಗೆ ಬೇರೆ, ಅದರ ಆರೈಕೆ ಬೇರೆ. ಬೆಕ್ಕೋ ಕೋತಿಯೋ ಓಡಾಡಿ ಹೆಂಚು ಸರಿದರೆ ಒಂದು ಹನಿ ಕೆಳಗಿಳಿಯುತ್ತದೆ. ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸುತ್ತಾರೆ, ಒಡೆದದ್ದನ್ನು ತೆಗೆದು ಬೇರೆ ಹೊದಿಸುತ್ತಾರೆ. ಅಲ್ಲಿ ಮೆಟ್ಟುವುದು ದುರಸ್ತಿಯಲ್ಲ, ತಪ್ಪು; ಮೆಟ್ಟಿದರೆ ಹೆಂಚು ಒಡೆಯುತ್ತದೆ. ಹೀಗಾಗಿ ಪದದ ಕೇಂದ್ರ ಕ್ರಿಯಾಪದವು ಹೆಂಚಿನ ಸೀಮೆಗೆ ಬಂದಾಗ ತನ್ನ ಅರ್ಥಕ್ಕೆ ವಿರುದ್ಧವಾದ ಅರ್ಥವನ್ನೇ ಸೂಚಿಸುವ ಸ್ಥಿತಿ ಉಂಟಾಗುತ್ತದೆ. ಕರಗಿ ಒಂದಾಗುವ ಮಣ್ಣೂ ಹೆಂಚಿನ ಸೂರಿನಲ್ಲಿಲ್ಲ. ಒಳಹೊರಗಿನ ಐಕ್ಯದ ಪ್ರತಿಮೆಗೆ ಆಧಾರವಾದ ವಸ್ತುವೇ ಕಾಣೆಯಾಗಿದೆ. ಪದದ ಭಾವ ನಮ್ಮನ್ನು ತಲುಪಿದೆ, ತರ್ಕ ತಲುಪಿಲ್ಲ.

೬. ರಾಕ್ ವೇದಿಕೆ

ಹಳೆಯ ಜನಪದ ಗೀತೆಯೊಂದು ರಾಕ್ ಗೀತೆಯಾಗಿ ಪ್ರಸಿದ್ಧವಾದ ಉದಾಹರಣೆಗಳು ಬೇರೆಡೆಯೂ ಇವೆ. ಹೋಲಿಕೆಗಾಗಿ ‘ದಿ ಹೌಸ್ ಆಫ್ ದಿ ರೈಸಿಂಗ್ ಸನ್’ ಎಂಬ ಗೀತೆಯನ್ನು ನೋಡಬಹುದು. ಕಾಕತಾಳೀಯವಾಗಿ ಅದೂ ಒಂದು ಮನೆಯನ್ನು ಕುರಿತದ್ದು. ಕರ್ತೃ ಯಾರೆಂದು ತಿಳಿಯದ ಆ ಗೀತೆಯನ್ನು ೧೯೩೩ರಲ್ಲಿ ಕ್ಲಾರೆನ್ಸ್ ಆ್ಯಶ್ಲಿ ಮತ್ತು ಗ್ವೆನ್ ಫಾಸ್ಟರ್ ಧ್ವನಿಮುದ್ರಿಸಿದ್ದರು. ೧೯೩೭ರಲ್ಲಿ ಜನಪದ ಸಂಗ್ರಾಹಕ ಆಲನ್ ಲೋಮ್ಯಾಕ್ಸ್ ಅಮೆರಿಕದ ಕೆಂಟಕಿಯಲ್ಲಿ ಜಾರ್ಜಿಯಾ ಟರ್ನರ್ ಎಂಬ ತರುಣಿಯಿಂದ ಅದನ್ನು ದಾಖಲಿಸಿಕೊಂಡರು. ೧೯೬೪ರಲ್ಲಿ ಇಂಗ್ಲೆಂಡಿನ ದಿ ಆ್ಯನಿಮಲ್ಸ್ ತಂಡ ಅದನ್ನು ವಿದ್ಯುತ್ ಗಿಟಾರ್ ಮತ್ತು ಆರ್ಗನ್‌ಗಳೊಡನೆ ಹಾಡಿ ಜಗತ್ಪ್ರಸಿದ್ಧಗೊಳಿಸಿತು. ಈ ಪಯಣದಲ್ಲಿ ಹಾಳಾದ ಹೆಣ್ಣಿನ ಕಥನವು ಹಾಳಾದ ಗಂಡಿನ ಕಥನವಾಯಿತು. ಆ ಮನೆ ಸೆರೆಮನೆಯೋ ವೇಶ್ಯಾಗೃಹವೋ ಜೂಜುಕಟ್ಟೆಯೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಈ ಹೋಲಿಕೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಅಲ್ಲಿ ಮಾತೇ ಬದಲಾಯಿತು. ನಮ್ಮಲ್ಲಿ ಅಂಕಿತವಿರುವುದರಿಂದ ಮಾತು ಬಹುಮಟ್ಟಿಗೆ ಉಳಿಯಿತು. ಅಂಕಿತವೆಂಬುದು ಕವಿಯ ಸಹಿ ಮಾತ್ರವಲ್ಲ, ಪಠ್ಯದ ಕಾವಲೂ ಹೌದು. ಎರಡನೆಯದು, ಮಾತು ಉಳಿದ ಮಾತ್ರಕ್ಕೆ ಅರ್ಥ ಉಳಿಯುತ್ತದೆಂದೇನೂ ಇಲ್ಲ. ಅಲ್ಲಿ ಗೀತೆ ಉಳಿದು ಮನೆ ಯಾವುದೆಂಬುದು ಮರೆಯಾಯಿತು. ನಮ್ಮಲ್ಲಿಯೂ ಆಗುತ್ತಿರುವುದು ಅದೇ.

ರಾಕ್ ರೂಪಕ್ಕೆ ಬಂದಾಗ ಪದದಲ್ಲಾಗುವ ಬದಲಾವಣೆಯನ್ನು ರಚನೆಯ ದೃಷ್ಟಿಯಿಂದ ಗಮನಿಸಬೇಕು. ರಾಕ್ ಗೀತೆಯ ಜೀವಾಳ ಮರಳಿ ಮರಳಿ ಬರುವ ಪಲ್ಲವಿ. ಸಭಿಕರು ದನಿಗೂಡಿಸುವುದು ಅಲ್ಲಿಯೇ. ಮೇಲುನೋಟಕ್ಕೆ ಇದು ಭಜನೆಯ ಮುಮ್ಮೇಳ ಹಿಮ್ಮೇಳಗಳ ಕ್ರಮಕ್ಕೆ ಸಮೀಪವಾದುದು. ಒಬ್ಬರು ನುಡಿ ಹೇಳುತ್ತಾರೆ, ಎಲ್ಲರೂ ಪಲ್ಲವಿ ಎತ್ತುತ್ತಾರೆ. ಆದ್ದರಿಂ‌ದ ರಾಕ್ ವೇದಿಕೆಯು ತತ್ವಪದಕ್ಕೆ ಪರಕೀಯವೆಂಬ ವಾದ ನಿಲ್ಲುವುದಿಲ್ಲ. ಏಕಾಂತದ ಸುಗಮ ಸಂಗೀತಕ್ಕಿಂತ ಸಾವಿರ ಕಂಠಗಳು ಒಟ್ಟಾಗಿ ಹಾಡುವ ಬಯಲು ವೇದಿಕೆಯೇ ಭಜನೆಗೆ ಹೆಚ್ಚು ಹತ್ತಿರವೆನ್ನಲೂಬಹುದು. ತನ್ನ ಮನೆ ಸೋರುತ್ತಿದೆಯೆಂಬುದನ್ನು ಒಬ್ಬನೇ ಗೊಣಗುವುದಕ್ಕೂ ಸಮೂಹವೇ ಒಪ್ಪಿಕೊಂಡು ಹಾಡುವುದಕ್ಕೂ ವ್ಯತ್ಯಾಸವಿದೆ. ತತ್ವಪದದ ಆಶಯ ಎರಡನೆಯದು.

ವ್ಯತ್ಯಾಸವಿರುವುದು ಹಾಡಿನ ನಂತರದಲ್ಲಿ. ಭಜನೆಯ ಮೇಳದಲ್ಲಿ ಪದ ಮುಗಿದ ಮೇಲೆ ಅರ್ಥ ಹೇಳುವ, ಪ್ರಶ್ನೆ ಕೇಳುವ, ಒಗಟು ಬಿಡಿಸುವ ಹೊತ್ತೊಂದಿರುತ್ತಿತ್ತು. ತಿಳಿದವರೊಬ್ಬರು ತೊಲೆ ಯಾವುದು, ಜಂತಿ ಯಾವುದು, ಹುಬ್ಬಿ ಮಳೆ ಯಾವುದು ಎಂದು ಬಿಡಿಸುತ್ತಿದ್ದರು. ರಾಕ್ ವೇದಿಕೆಯಲ್ಲಿ ಒಂದು ಗೀತೆ ಮುಗಿದರೆ ಮತ್ತೊಂದು ಆರಂಭ. ಅದು ಹಾಡುಗಾರರ ತಪ್ಪಲ್ಲ. ಆ ಕಲೆಯ ಕ್ರಮವೇ ಹಾಗೆ. ಆದರೆ ಅದರ ಪರಿಣಾಮವಾಗಿ ಕೇಳುಗನ ನೆನಪಿನಲ್ಲಿ ಪಲ್ಲವಿ ಉಳಿದು, ಕೊನೆಯ ನುಡಿಯ ಕರುಣೆ ಜಾರುವ ಸಾಧ್ಯತೆ ಹೆಚ್ಚು. ಸೋರುವಿಕೆ ಉಳಿಯುತ್ತದೆ, ಮಳೆ ಉಳಿಯುವುದಿಲ್ಲ. ಅರ್ಥ ಹೇಳುವ ಆ ಹೊತ್ತನ್ನು ಈಗ ತುಂಬಿಕೊಡಬೇಕಾದವರು ಯಾರು? ಉತ್ತರ ಸ್ಪಷ್ಟ: ಕನ್ನಡ ಅಧ್ಯಾಪಕರು.

೭. ಸಮಾರೋಪ

ಇಲ್ಲಿಯವರೆಗಿನ ಚರ್ಚೆಯಿಂದ ಕೆಲವು ನಿಲುವುಗಳಿಗೆ ಬರಬಹುದು. ‘ಸೋರುತಿಹುದು ಮನೆಯ ಮಾಳಿಗಿ’ ಒಂದು ನಿರ್ದಿಷ್ಟ ಬಗೆಯ ಮನೆಯಿಂದ ಹುಟ್ಟಿದ ಪದ. ಅದರ ತಾತ್ವಿಕತೆ ಆ ಮನೆಯ ಕಟ್ಟೋಣದಿಂದ ಬೇರ್ಪಡಿಸಲಾಗದ್ದು. ಅಶ್ವಥ್ ಅವರಿಂದ ರಘು ದೀಕ್ಷಿತ್ ಅವರವರೆಗಿನ ಧಾಟಿಯ ಬದಲಾವಣೆಗಳು ತತ್ವಪದದ ಮುಕ್ತ ಸ್ವರೂಪಕ್ಕೆ ಅನುಗುಣವಾಗಿಯೇ ಇವೆ. ಪದಕ್ಕೆ ನಷ್ಟ ಆಗಿರುವುದು ಧಾಟಿಯ ಬದಲಾವಣೆಯಿಂದಲ್ಲ, ವಸ್ತುಲೋಕದ ಬದಲಾವಣೆಯಿಂದ. ಆ ನಷ್ಟ ರಾಕ್ ವೇದಿಕೆಗಿಂತ ಮುಂಚೆಯೇ, ನಮ್ಮ ಹೆಂಚಿನ ಮನೆಗಳಲ್ಲಿ, ನಮ್ಮ ತರಗತಿಗಳಲ್ಲಿ ಆರಂಭವಾಗಿತ್ತು. ಹಾಗಾಗಿ ರಾಕ್ ಸಂಗೀತವನ್ನು ದೂರುವ ನೈತಿಕ ಅಧಿಕಾರ ನಮಗಿಲ್ಲ.

ಇದರಿಂದ ಬೋಧನೆಗೂ ಸಂಶೋಧನೆಗೂ ಒಂದೊಂದು ಸೂಚನೆ ದೊರೆಯುತ್ತದೆ. ತರಗತಿಯಲ್ಲಿ ಈ ಪದವನ್ನು ಕಲಿಸುವಾಗ ರೂಪಕದ ಕೀಲಿಕೈಯನ್ನು ಕೊಡುವ ಮೊದಲು ಮನೆಯನ್ನು ತೋರಿಸಬೇಕು, ಮತ್ತು ಕೊನೆಯ ನುಡಿಯವರೆಗೆ ಓದಬೇಕು. ಸಂಶೋಧನೆಯ ಮಟ್ಟಿಗೆ, ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರದ ಸಂಪುಟಗಳಿಂದಾಗಿ ಇಂದು ತತ್ವಪದಗಳ ಪಠ್ಯಗಳು ವ್ಯಾಪಕವಾಗಿ ದೊರೆಯುತ್ತಿವೆ. ಅವುಗಳೊಳಗೆ ಬರುವ ಮನೆ, ಮಗ್ಗ, ಗಾಣ, ಬೇಸಾಯಗಳ ವೃತ್ತಿಪದಗಳನ್ನು ಆಯಾ ಸೀಮೆಯ ಬಳಕೆಯೊಡನೆ ದಾಖಲಿಸುವ ಕೋಶಕಾರ್ಯ ಮುಂದಿನ ಹೆಜ್ಜೆಯಾಗಬೇಕು. ಮೇಲ್ಮುದ್ದೆಯ ಮನೆಗಳೂ ನಾಡಹೆಂಚಿನ ಮನೆಗಳೂ ಏಕಕಾಲದಲ್ಲಿ ಕಾಂಕ್ರೀಟಿಗೆ ಜಾಗ ಬಿಟ್ಟುಕೊಡುತ್ತಿರುವ ಈ ಹೊತ್ತಿನಲ್ಲಿ, ಮಾಳಿಗೆಯನ್ನು ಮೆಟ್ಟಿ ಬಲ್ಲ ಅಜ್ಜಂದಿರು ಇನ್ನೂ ಕೆಲವರಿದ್ದಾರೆ. ಹಾಡನ್ನು ಹಾಡುವವರು ಮುಂದೆಯೂ ಇರುತ್ತಾರೆ. ಅದರ ಅರ್ಥವನ್ನು ಹೇಳಬಲ್ಲವರಿಂದ ಕೇಳಿ ಬರೆದಿಡುವ ಕೆಲಸಕ್ಕೆ ಮಾತ್ರ ಹೆಚ್ಚು ಮಳೆಗಾಲಗಳು ಉಳಿದಿಲ್ಲ.